ಶಬ್ದ ಬಾರದ ಲ್ಯಾಪ್‌ಟಾಪ್, ನಾವು ಓದದೆ ಬಿಡುವ ಸಾಲು



ತರಗತಿಯಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟಾಗ ನಾವು ಏನು ಮಾಡುತ್ತೇವೆ? ಮೊದಲು ಒಮ್ಮೆ ಆಫ್ ಮಾಡಿ ಆನ್ ಮಾಡುತ್ತೇವೆ. ಅದರಿಂದ ಆಗದಿದ್ದರೆ ಪಕ್ಕದ ತರಗತಿಯ ಲ್ಯಾಪ್‌ಟಾಪ್ ತರಿಸುತ್ತೇವೆ. ಅದೂ ಆಗದಿದ್ದರೆ ಐಟಿ ಸಂಯೋಜಕರನ್ನು ಕರೆಯುತ್ತೇವೆ. ಅವರಿಗೂ ಪುರುಸೊತ್ತಿಲ್ಲ ಅಂತಾದರೆ ಚಾಕ್‌ಪೀಸ್ ಹಿಡಿಯುತ್ತೇವೆ. ಪರದೆಯಲ್ಲಿ ಬಂದ ಇಂಗ್ಲಿಷ್ ಸಾಲನ್ನು ಓದುವುದು ಮಾತ್ರ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ನಾನೂ ಹಾಗೆಯೇ ಮಾಡುತ್ತಿದ್ದವ. ಒಂದು ಲ್ಯಾಪ್‌ಟಾಪಿನ ಶಬ್ದ ಸರಿಮಾಡಲು ಹೋಗಿ ಹನ್ನೊಂದು ದಿನ ಕಳೆದ ಮೇಲೆ ಅಭಿಪ್ರಾಯ ಬದಲಾಯಿತು. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ನನ್ನ ಅಭಿಪ್ರಾಯ ಇಷ್ಟು. ಕಂಪ್ಯೂಟರ್ ತೋರಿಸುವ ತಪ್ಪಿನ ಸಂದೇಶ ಒಂದು ವೀಕ್ಷಣೆ. ಥರ್ಮಾಮೀಟರಿನಲ್ಲಿ ಕಾಣುವ ಅಂಕೆ, ಲಿಟ್ಮಸ್ ಕಾಗದದ ಬಣ್ಣ ಹೇಗೋ ಹಾಗೆ. ವೀಕ್ಷಣೆಯನ್ನು ಬಿಟ್ಟು ತೀರ್ಮಾನಕ್ಕೆ ಹಾರಬೇಡಿ ಎಂದು ಮಕ್ಕಳಿಗೆ ಹೇಳುವ ನಾವೇ ಕಂಪ್ಯೂಟರಿನ ಮುಂದೆ ಕುಳಿತಾಗ ಹಾರುತ್ತೇವೆ. ಎರಡನೆಯದು, ಆ ಸಂದೇಶಗಳ ಅರ್ಥ ಕನ್ನಡದಲ್ಲಿ ನಮ್ಮ ಕೈಗೆ ಸಿಗುವಂತಿರಬೇಕು. ಅದನ್ನು ಬೇರೆ ಯಾರೋ ಬಂದು ಬರೆದುಕೊಡುತ್ತಾರೆಂದು ಕಾಯುವುದರಲ್ಲಿ ಅರ್ಥವಿಲ್ಲ. ನಾವೇ ಬರೆಯಬೇಕು.

ನಡೆದದ್ದು

ಕಳೆದ ಮಳೆಗಾಲದಲ್ಲಿ ಹಳೆ ವಿದ್ಯಾರ್ಥಿಯೊಬ್ಬ ತಾನು ಬಳಸುತ್ತಿದ್ದ ಲ್ಯಾಪ್‌ಟಾಪನ್ನು ಶಾಲೆಗೆ ಕೊಟ್ಟ. ನಮ್ಮಲ್ಲಿರುವ ಉಳಿದವುಗಳಿಗಿಂತ ವೇಗದ್ದು, ಬ್ಯಾಟರಿಯೂ ಚೆನ್ನಾಗಿತ್ತು. ಆಟಿ ತಿಂಗಳಲ್ಲಿ ಪುತ್ತಿಗೆಯಲ್ಲಿ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ. ಬ್ಯಾಟರಿ ಇರುವ ಯಂತ್ರ ಅಂದರೆ ಚಿನ್ನ. ಅದನ್ನು ಒಂಬತ್ತನೇ ತರಗತಿಯ ಒಬ್ಬ ಹುಡುಗನಿಗೆ ಕೊಡುವುದೆಂದು ತೀರ್ಮಾನಿಸಿದೆವು. ಅವನ ಕಣ್ಣು ತೀರಾ ಮಂದ. ಪಾಠಪುಸ್ತಕದ ಅಕ್ಷರ ಕಾಣುವುದಿಲ್ಲ, ಬೆಂಚಿನಲ್ಲಿ ಪಕ್ಕ ಕುಳಿತವ ಓದಿ ಹೇಳಬೇಕು. ಪಕ್ಕದವ ರಜೆ ಹಾಕಿದರೆ ಇವನ ಪಾಠಕ್ಕೂ ರಜೆ.

ನಮ್ಮ ಶಾಲೆಗಳಲ್ಲಿರುವ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ ಓರ್ಕಾ ಎಂಬ ಸ್ಕ್ರೀನ್ ರೀಡರ್ ಇದೆ. ಪರದೆಯಲ್ಲಿರುವುದನ್ನು ಅದು ಓದಿ ಹೇಳುತ್ತದೆ. ಅದರ ಜೊತೆ ಕೆಲಸ ಮಾಡುವ ಇಸ್ಪೀಕ್ ಎಂಬ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ನಮ್ಮ ಊರಿನ ಕನ್ನಡ ಅಲ್ಲ, ಯಂತ್ರದ ಕನ್ನಡ. ಆದರೂ ಒಂದು ವಾರ ಕೇಳಿದರೆ ಕಿವಿಗೆ ಹೊಂದಿಕೊಳ್ಳುತ್ತದೆ. ಒಂದು ಷರತ್ತು ಮಾತ್ರ ಇದೆ. ಬರಹ ಯೂನಿಕೋಡಿನಲ್ಲಿರಬೇಕು. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಟಿಪ್ಪಣಿಯನ್ನು ಅದು ಏನೇನೋ ಓದುತ್ತದೆ. ಹಾಗಾಗಿ ನಾನು ಎರಡು ಪಾಠಗಳ ಟಿಪ್ಪಣಿಯನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಹಾಕಿ, ಹುಡುಗನನ್ನು ಕರೆದು ಕೂರಿಸಿದೆ. ಅವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು ಹೇಳಿದ, "ಸರ್, ಇದು ಎಂತ ಮಾತಾಡುದೇ ಇಲ್ಲ."

ನಮಗೆ ಲ್ಯಾಪ್‌ಟಾಪಿನಲ್ಲಿ ಶಬ್ದ ಬಾರದಿದ್ದರೆ ಒಂದು ವೀಡಿಯೋ ತಪ್ಪಿಹೋಗುತ್ತದೆ, ಅಷ್ಟೆ. ಅವನಿಗೆ ಪರದೆಯೇ ಇಲ್ಲವಾದಂತೆ.

ಕರ್ನಲ್, ಡ್ರೈವರ್, ದಾರಂದ

ಮುಂದೆ ಹೇಳುವುದು ಅರ್ಥವಾಗಲು ಎರಡು ವಿಷಯ ತಿಳಿದಿರಬೇಕು. ಕಂಪ್ಯೂಟರಿನ ಬಿಡಿಭಾಗಗಳೊಡನೆ ನೇರವಾಗಿ ವ್ಯವಹರಿಸುವ, ಕಾರ್ಯಾಚರಣೆ ವ್ಯವಸ್ಥೆಯ ಒಳತಿರುಳಿಗೆ ಕರ್ನಲ್ ಎನ್ನುತ್ತೇವೆ. ನಾವು ಬಳಸುವ ಲಿನಕ್ಸ್ ಕರ್ನಲನ್ನು 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಒಂದೊಂದು ಬಿಡಿಭಾಗವನ್ನೂ ಮಾತಾಡಿಸಲು ಕರ್ನಲಿಗೆ ಒಂದೊಂದು ಡ್ರೈವರ್ ಬೇಕು. ಶಬ್ದಕ್ಕೆ ಸಂಬಂಧಿಸಿದ ಡ್ರೈವರುಗಳ ಸಮೂಹಕ್ಕೆ ಆಲ್ಸಾ ಎಂದು ಹೆಸರು. 1998ರಲ್ಲಿ ಯಾರೊಸ್ಲಾವ್ ಕಿಸೆಲಾ ಆರಂಭಿಸಿದ ಆ ಕೆಲಸ ಮುಂದೆ ಲಿನಕ್ಸ್ ಕರ್ನಲಿನ ಭಾಗವೇ ಆಯಿತು. ಹೆಚ್ಚಿನ ಲ್ಯಾಪ್‌ಟಾಪುಗಳ ಆಡಿಯೋ ಡ್ರೈವರ್ ಕರ್ನಲಿನ ಜೊತೆಗೇ ಬರುವುದರಿಂದ ನಾವು ಅದರ ಬಗ್ಗೆ ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಚಿಪ್ ಹೊಸದಾಗಿದ್ದು ಕರ್ನಲ್ ಹಳೆಯದಾದರೆ ಮಾತ್ರ ತೊಂದರೆ. ಆಗ ಡ್ರೈವರಿನ ಮೂಲ ಬರಹವನ್ನು ಬೇರೆ ಕಡೆಯಿಂದ ತಂದು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕಾಗುತ್ತದೆ.

ಕಂಪೈಲ್ ಮಾಡುವುದೆಂದರೆ ಬಾಗಿಲು ಮಾಡಿಸಿದ ಹಾಗೆ. ಆಚಾರಿ ಮೊದಲು ದಾರಂದದ ಅಳತೆ ಕೇಳುತ್ತಾರೆ. ಆ ಅಳತೆಯ ಪಟ್ಟಿಗೆ ಇಲ್ಲಿ ಹೆಡರ್ ಎಂದು ಹೆಸರು. ಪ್ರತಿ ಕರ್ನಲಿಗೂ ಅದರದ್ದೇ ಹೆಡರ್. ಯಾರಾದರೂ ಕರ್ನಲನ್ನು ತಿದ್ದಿ ತಾವೇ ಕಂಪೈಲ್ ಮಾಡಿದ್ದರೆ ಅದು ದಾರಂದವನ್ನೇ ಬದಲಿಸಿದ ಹಾಗೆ. ಪೇಟೆಯಲ್ಲಿ ಸಿಗುವ ಸಾಮಾನ್ಯ ಅಳತೆ ಅದಕ್ಕೆ ಆಗುವುದಿಲ್ಲ.

ನಮಗೆ ಸಿಕ್ಕ ಲ್ಯಾಪ್‌ಟಾಪಿನ ಕತೆ ಇದೇ. ಮುಂದೆ ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮಾಡಿ.

ಟರ್ಮಿನಲಿನಲ್ಲಿ 'ಎಪ್ಲೇ ಹೈಫನ್ ಎಲ್' ಕೊಟ್ಟೆ. 'ನೋ ಸೌಂಡ್‌ಕಾರ್ಡ್ಸ್ ಫೌಂಡ್' ಎಂದಿತು. ಅಂದರೆ ಸ್ಪೀಕರ್ ಹಾಳಾದದ್ದಲ್ಲ, ಕರ್ನಲಿಗೆ ಆಡಿಯೋ ಚಿಪ್ಪಿನ ಪರಿಚಯವೇ ಇಲ್ಲ. 'ಯುನೇಮ್ ಹೈಫನ್ ಆರ್' ಕೊಟ್ಟೆ; ಕರ್ನಲ್ 6.1 ಎಂದು ತೋರಿಸಿ, ಅದರ ಬಾಲಕ್ಕೆ ಒಂದು ವಿಚಿತ್ರ ಹೆಸರು ಅಂಟಿಸಿತ್ತು. ನಮ್ಮ ಶಾಲೆಯ ಬೇರೆ ಯಾವ ಲ್ಯಾಪ್‌ಟಾಪಿನಲ್ಲೂ ಆ ಬಾಲ ಇಲ್ಲ. ಅಲ್ಲಿ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಆ ಚಿಪ್ಪಿನ ಡ್ರೈವರ್ ಎಲ್ಲಿ ಸಿಗುತ್ತದೆಂದು ಹುಡುಕಿ, ಇಳಿಸಿಕೊಂಡು, 'ಮೇಕ್' ಕೊಟ್ಟೇಬಿಟ್ಟೆ.

ಮೂರು ತಪ್ಪು, ಮೂರು ಅರ್ಥ

ಮೊದಲ ಸಲ ಬಂದ ಸಂದೇಶದ ಕೊನೆಯಲ್ಲಿ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎಂದಿತ್ತು. ಅದಕ್ಕಿಂತ ಮೊದಲು 'ಲಿಬ್ ಮಾಡ್ಯೂಲ್ಸ್' ಫೋಲ್ಡರಿನೊಳಗೆ ಕರ್ನಲಿನ ಹೆಸರು, ಆಮೇಲೆ 'ಬಿಲ್ಡ್'. ಇದರ ಅರ್ಥ ಸರಳ: ಓಡುತ್ತಿರುವ ಕರ್ನಲಿನ ಹೆಡರ್ ಇಲ್ಲಿ ಇಲ್ಲ. ಆಚಾರಿ ಬಂದಿದ್ದಾರೆ, ಅಳತೆ ಇಲ್ಲ.

ನಾನು ಮಾಡಿದ್ದು ಎಂತ? ಉಬುಂಟುವಿನ ಸಾಮಾನ್ಯ ಕರ್ನಲಿನ ಹೆಡರ್ ತಂದು ಹಾಕಿ, 'ಬಿಲ್ಡ್' ಎಂಬ ಹೆಸರಿನಲ್ಲಿ ಅದಕ್ಕೆ ಒಂದು ಕೊಂಡಿ ಮಾಡಿಕೊಟ್ಟೆ. ಬೇರೆ ಮನೆಯ ಅಳತೆ ಪಟ್ಟಿಗೆ ನಮ್ಮ ಮನೆಯ ಹೆಸರು ಬರೆದ ಹಾಗೆ. ಕಂಪೈಲ್ ಆಯಿತು! ಸಂಭ್ರಮದಿಂದ ಡ್ರೈವರನ್ನು ಕರ್ನಲಿಗೆ ಸೇರಿಸಲು ಹೋದರೆ 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಎಂದು ಬಂತು. ಇದು ಎರಡನೆಯ ತಪ್ಪು. ಕಂಪೈಲ್ ಆದ ಪ್ರತಿ ಡ್ರೈವರಿನೊಳಗೆ ತಾನು ಯಾವ ಕರ್ನಲಿಗಾಗಿ ಸಿದ್ಧವಾದದ್ದು ಎಂಬ ಗುರುತು ಇರುತ್ತದೆ. ಅದಕ್ಕೆ ವರ್ಶನ್ ಮ್ಯಾಜಿಕ್ ಎನ್ನುತ್ತಾರೆ. ಓಡುತ್ತಿರುವ ಕರ್ನಲಿಗೂ ಆ ಗುರುತಿಗೂ ತಾಳೆಯಾಗದಿದ್ದರೆ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. 'ಡಿಮೆಸ್ಗ್' ಎಂಬ ಕಮಾಂಡ್ ಕೊಟ್ಟು ನೋಡಿದರೆ ಯಾವ ಗುರುತು ಇದೆ, ಯಾವುದು ಇರಬೇಕಿತ್ತು ಎಂದು ಸ್ಪಷ್ಟವಾಗಿ ಬರೆದೇ ಇರುತ್ತದೆ. ಬಲವಂತದಿಂದ ಸೇರಿಸುವ ಉಪಾಯವೂ ಉಂಟು. ದಯವಿಟ್ಟು ಅದನ್ನು ಮಾಡಬೇಡಿ. ಅಳತೆ ತಪ್ಪಿದ ಡ್ರೈವರ್ ಕರ್ನಲಿನೊಳಗೆ ಎಲ್ಲಿ ಕೈಹಾಕುತ್ತದೆಂದು ಹೇಳಲಿಕ್ಕಾಗದು. ಯಂತ್ರ ಮಧ್ಯದಲ್ಲಿ ನಿಂತು ಮಕ್ಕಳ ಕೆಲಸ ಹಾಳಾದೀತು.

ಆಮೇಲೆ ಲ್ಯಾಪ್‌ಟಾಪ್ ಕೊಟ್ಟವನಿಗೆ ಫೋನ್ ಮಾಡಿದೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು. "ಸರ್, ಅದರ ಕರ್ನಲ್ ನಾನೇ ಕಂಪೈಲ್ ಮಾಡಿದ್ದು. ಹಳೆಯದರಲ್ಲಿ ಟಚ್‌ಪ್ಯಾಡ್ ಕೆಲಸ ಮಾಡ್ತಾ ಇರ್ಲಿಲ್ಲ, ಅದಕ್ಕೆ ಸ್ವಲ್ಪ ತಿದ್ದಿದ್ದೆ. ಸೌಂಡ್ ನನಗೆ ಬೇಕಾಗ್ಲಿಲ್ಲ, ಹಾಗೆ ಬಿಟ್ಟೆ. ಹೆಡರ್ ಪ್ಯಾಕೇಜ್ ಕೂಡ ಆಗ ಬಂದಿತ್ತು ಸರ್, ನಾನು ಹಾಕ್ಲಿಲ್ಲ ಅಷ್ಟೆ. ಕಳಿಸ್ತೇನೆ," ಎಂದ. ತಿದ್ದಿದ ಕರ್ನಲನ್ನು ಪ್ಯಾಕೇಜ್ ಮಾಡುವಾಗ ಕರ್ನಲ್ ಒಂದು, ಹೆಡರ್ ಇನ್ನೊಂದು ಎಂದು ಬೇರೆ ಬೇರೆ ಪ್ಯಾಕೇಜುಗಳಾಗಿ ಬರುತ್ತವೆ. ಅವನು ಕರ್ನಲನ್ನು ಮಾತ್ರ ಹಾಕಿದ್ದ. ಮರುದಿನ ಹೆಡರ್ ಬಂತು.

ಈಗ ಅಳತೆ ಸರಿ ಇದೆ, ಬಾಗಿಲು ಆಗಲೇಬೇಕು ಎಂದುಕೊಂಡು ಮತ್ತೆ 'ಮೇಕ್' ಕೊಟ್ಟರೆ ಪರದೆ ತುಂಬ ಸಾಲುಗಳು. ಕೊನೆಯ ಸಾಲಿನಲ್ಲಿ 'ಎರರ್ 2' ಎಂದಿತ್ತು. ಎರಡು ದಿನ ನಾನು ಅದನ್ನೇ ಹಿಡಿದುಕೊಂಡು ಹುಡುಕಿದೆ. ಏನೂ ಸಿಗಲಿಲ್ಲ, ಸಿಗುವುದೂ ಇಲ್ಲ. 'ಮೇಕ್' ಯಾವ ಕಾರಣಕ್ಕೆ ನಿಂತರೂ ಕೊನೆಗೆ ಹೇಳುವುದು ಅದೇ ಮಾತನ್ನು. ಕೆಲಸ ಕೆಟ್ಟಿತು ಎನ್ನುತ್ತದೆಯೇ ಹೊರತು ಯಾಕೆ ಕೆಟ್ಟಿತು ಎನ್ನುವುದಿಲ್ಲ.

ದಾರಿ ತೋರಿಸಿದವಳು ಲಿಟ್ಲ್ ಕೈಟ್ಸ್‌ನ ಒಬ್ಬ ಹುಡುಗಿ. ಸಂಜೆ ಲ್ಯಾಬಿನಲ್ಲಿ ನನ್ನ ಹಿಂದೆ ನಿಂತು ನೋಡುತ್ತಿದ್ದವಳು ಕೇಳಿದಳು, "ಸರ್, ಮೊದಲು ಬಂದ ಎರರ್ ಯಾವುದು?" ಮೇಲಕ್ಕೆ ಸರಿಸಿಕೊಂಡು ಹೋದೆವು. 'ಎರರ್' ಎಂಬ ಪದ ಮೊದಲ ಬಾರಿ ಕಾಣಿಸಿದ ಸಾಲಿನಲ್ಲಿ ಫೈಲಿನ ಹೆಸರು, ಸಾಲಿನ ಸಂಖ್ಯೆ, 'ಇನ್‌ಕಂಪ್ಯಾಟಿಬಲ್ ಪಾಯಿಂಟರ್ ಟೈಪ್' ಎಂಬ ಕಾರಣ ಎಲ್ಲವೂ ಇತ್ತು. ಉಳಿದ ಸಾಲುಗಳೆಲ್ಲ ಅದರ ಬಾಲ.

ಕಾರಣ ಏನೆಂದರೆ, ಈ ಆಡಿಯೋ ಚಿಪ್ ಐ-ಸ್ಕ್ವೇರ್ಡ್-ಸಿ ಎಂಬ ಎರಡು ತಂತಿಯ ಸಂಪರ್ಕದ ಮೂಲಕ ಮಾತಾಡುವಂಥದ್ದು. ಅಂತಹ ಡ್ರೈವರಿನಲ್ಲಿ ಚಿಪ್ಪನ್ನು ಬಿಡುವಾಗ ನಡೆಯುವ 'ರಿಮೂವ್' ಎಂಬ ಭಾಗ ಇರುತ್ತದೆ. ಹಿಂದಿನ ಕರ್ನಲುಗಳಲ್ಲಿ ಅದು ಕೆಲಸ ಮುಗಿಸಿ ಒಂದು ಸಂಖ್ಯೆಯನ್ನು ಹಿಂದಿರುಗಿಸಬೇಕಿತ್ತು. 6.1ರಿಂದ ಏನನ್ನೂ ಹಿಂದಿರುಗಿಸಬಾರದು ಎಂದು ನಿಯಮ ಬದಲಾಯಿತು. ನಾನು ಇಳಿಸಿಕೊಂಡ ಡ್ರೈವರ್ ಹಳೆಯ 5.15 ಕರ್ನಲಿಗಾಗಿ ಬರೆದದ್ದು. ಕರ್ನಲಿನ ಒಳಗಿನ ಇಂತಹ ನಿಯಮಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತವೆ. ಕರ್ನಲಿನೊಳಗೇ ಇರುವ ಡ್ರೈವರುಗಳನ್ನು ಬದಲಿಸಿದವರೇ ತಿದ್ದುತ್ತಾರೆ. ಹೊರಗೆ ಇರುವವುಗಳನ್ನು ಹೊರಗಿನವರೇ ತಿದ್ದಿಕೊಳ್ಳಬೇಕು.

ಹುಡುಗಿ ಆ ಸಾಲನ್ನು ನಾವೇ ತಿದ್ದುವ ಅಂದಳು. ತಿದ್ದಬಹುದು. ಆದರೆ ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಬರಬಹುದು. ನಾಳೆ ಕರ್ನಲ್ ಬದಲಾದರೆ ಮತ್ತೆ ಕೂರಬೇಕು. ಹಾಗಾದರೆ 5.15 ಕರ್ನಲ್ ಇದೇ ಯಂತ್ರದಲ್ಲಿ ಇದೆಯಾ? ಇತ್ತು! ತಿದ್ದಿದ ಕರ್ನಲನ್ನು ಪಕ್ಕದಲ್ಲಿ ಸೇರಿಸಿದ್ದೇ ಹೊರತು ಹಳೆಯದನ್ನು ಅಳಿಸಿರಲಿಲ್ಲ. ಆನ್ ಮಾಡುವಾಗ ಬರುವ ಪಟ್ಟಿಯಲ್ಲಿ 'ಅಡ್ವಾನ್ಸ್‌ಡ್ ಆಪ್ಶನ್ಸ್' ಒಳಗೆ ಅದು ಕೂತಿತ್ತು. ಆದರೆ ಅದರಲ್ಲಿ ಟಚ್‌ಪ್ಯಾಡ್ ಓಡುವುದಿಲ್ಲವಲ್ಲ ಎಂದು ನಾನು ತಲೆ ಕೆರೆದುಕೊಂಡೆ. ಅಷ್ಟರಲ್ಲಿ, ಯಾರಿಗಾಗಿ ಇಷ್ಟೆಲ್ಲ ನಡೆಯುತ್ತಿತ್ತೋ ಆ ಹುಡುಗ ಮೂಲೆಯ ಬೆಂಚಿನಿಂದ ಹೇಳಿದ, "ಸರ್, ನನಗೆ ಟಚ್‌ಪ್ಯಾಡ್ ಎಂತಕ್ಕೆ? ನಾನು ಕೀಬೋರ್ಡಿನಲ್ಲೇ ಮಾಡುದಲ್ವಾ?"

ಓರ್ಕಾ ಬಳಸುವವರು ಎಲ್ಲವನ್ನೂ ಕೀಬೋರ್ಡಿನಿಂದಲೇ ಮಾಡುತ್ತಾರೆ. ಅದು ನನಗೆ ಗೊತ್ತಿತ್ತು, ನಾನೇ ಅವನಿಗೆ ಕಲಿಸಿದ್ದು. ಆದರೂ ನನ್ನ ಅಗತ್ಯವನ್ನೇ ಅವನ ಅಗತ್ಯ ಎಂದುಕೊಂಡು ಹತ್ತು ದಿನ ಗುದ್ದಾಡಿದ್ದೆ. ಬಳಸುವವನನ್ನು ಒಂದು ಮಾತು ಕೇಳಲಿಲ್ಲ.

ಹಳೆಯ ಕರ್ನಲಿನಲ್ಲಿ ಆನ್ ಮಾಡಿ, ಅದರದ್ದೇ ಹೆಡರನ್ನು ಉಬುಂಟುವಿನ ಭಂಡಾರದಿಂದ ಹಾಕಿ, ಡಿಕೆಎಂಎಸ್ ಎಂಬ ವ್ಯವಸ್ಥೆಯ ಮೂಲಕ ಡ್ರೈವರ್ ಕಂಪೈಲ್ ಮಾಡಿದೆವು. ಐದು ನಿಮಿಷ ಕೂಡ ಬೇಕಾಗಲಿಲ್ಲ. ಡಿಕೆಎಂಎಸ್‌ನ ಪ್ರಯೋಜನ ಏನೆಂದರೆ, ಮುಂದೆ ಭದ್ರತೆಯ ಅಪ್‌ಡೇಟಿನಲ್ಲಿ ಕರ್ನಲ್ ಬದಲಾದಾಗ ಡ್ರೈವರನ್ನು ಅದು ತಾನಾಗಿಯೇ ಮತ್ತೆ ಕಂಪೈಲ್ ಮಾಡುತ್ತದೆ. ಆಗದಿದ್ದರೆ ಕಾರಣವನ್ನು 'ಮೇಕ್ ಡಾಟ್ ಲಾಗ್' ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಈಗ 'ಎಪ್ಲೇ' ಕೊಟ್ಟರೆ ಸೌಂಡ್‌ಕಾರ್ಡ್ ಕಾಣಿಸಿತು. ಆದರೂ ಶಬ್ದ ಇಲ್ಲ. 'ಆಲ್ಸಾಮಿಕ್ಸರ್' ತೆರೆದು ನೋಡಿದರೆ ಚಾನೆಲಿನ ಕೆಳಗೆ 'ಎಂಎಂ' ಎಂದು ಇತ್ತು, ಅಂದರೆ ಮ್ಯೂಟ್. ಎಂ ಒತ್ತಿದೆವು. ಲ್ಯಾಪ್‌ಟಾಪ್ ತನ್ನ ಯಂತ್ರದ ಕನ್ನಡದಲ್ಲಿ ಟಿಪ್ಪಣಿ ಓದತೊಡಗಿತು. ಹುಡುಗ ಏನೂ ಹೇಳಲಿಲ್ಲ. ವೇಗ ಹೆಚ್ಚಿಸುವುದು ಹೇಗೆಂದು ಮಾತ್ರ ಕೇಳಿದ.

ನಾನು ಮಾಡಿದ ತಪ್ಪು

ಒಂದು ಮಾತು ಒಪ್ಪಿಕೊಳ್ಳಬೇಕು. ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, "ಮಾರಾಯರೆ, ಒಂದು ಯುಎಸ್‌ಬಿ ಹೆಡ್‌ಫೋನ್ ತಂದು ಚುಚ್ಚಿದ್ದರೆ ಅವತ್ತೇ ಶಬ್ದ ಬರುತ್ತಿತ್ತಲ್ಲ" ಎಂದರು. ನಿಜ. ಯುಎಸ್‌ಬಿ ಹೆಡ್‌ಫೋನಿನೊಳಗೆ ಅದರದ್ದೇ ಆಡಿಯೋ ಚಿಪ್ ಇರುತ್ತದೆ, ಅದರ ಡ್ರೈವರ್ ಸಾಮಾನ್ಯವಾಗಿ ಎಲ್ಲ ಕರ್ನಲುಗಳಲ್ಲೂ ಇದೆ. ಆ ಹನ್ನೊಂದು ದಿನಗಳ ನಡುವೆ ಒಂದು ಕ್ಲಾಸ್ ಟೆಸ್ಟ್ ಇತ್ತು. ಹುಡುಗ ಅದನ್ನು ಪಕ್ಕದವನ ಬಾಯಿಯಿಂದ ಪ್ರಶ್ನೆ ಕೇಳಿಸಿಕೊಂಡೇ ಬರೆದ. ಹಾಗಾಗಬೇಕಿರಲಿಲ್ಲ. ಮಗುವಿನ ಕೆಲಸ ನಿಲ್ಲದಂತೆ ಮೊದಲು ಏನಾದರೂ ವ್ಯವಸ್ಥೆ ಮಾಡಿ, ದುರಸ್ತಿ ಆಮೇಲೆ ಮಾಡಿ. ಈ ಲೇಖನದಿಂದ ನೀವು ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಾಗಾದರೆ ದುರಸ್ತಿಯೇ ಬೇಡವಾಗಿತ್ತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಹೆಡ್‌ಫೋನ್ ಹಾಳಾದ ದಿನ ಮತ್ತೆ ಅದೇ ಸಮಸ್ಯೆ. ಜೊತೆಗೆ ಆ ಸಂಜೆಗಳಲ್ಲಿ ಲ್ಯಾಬಿನಲ್ಲಿದ್ದ ಮಕ್ಕಳು ಕಲಿತದ್ದು ನನ್ನ ಎಷ್ಟೋ ಪೀರಿಯಡುಗಳಲ್ಲಿ ಕಲಿಯದ್ದನ್ನು. ಊಹೆ ಮಾಡು, ಒಂದು ಸಲಕ್ಕೆ ಒಂದನ್ನೇ ಬದಲಿಸು, ಫಲಿತಾಂಶ ಬರೆದಿಡು, ಊಹೆ ತಪ್ಪಿದರೆ ಬಿಟ್ಟುಬಿಡು ಎಂದು ಪಾಠಪುಸ್ತಕದಲ್ಲಿ ಇರುವುದೇ. ಪಾಠದಲ್ಲಿ ಆ ಪ್ರಯೋಗದ ಉತ್ತರ ಮೊದಲೇ ಗೊತ್ತಿರುತ್ತದೆ. ಇಲ್ಲಿ ಮಾಷ್ಟ್ರಿಗೂ ಗೊತ್ತಿರಲಿಲ್ಲ. ಮಾಷ್ಟ್ರು ತಪ್ಪು ಮಾಡುವುದನ್ನು, ತಪ್ಪು ಎಂದು ಒಪ್ಪುವುದನ್ನು ಅವರು ಕಣ್ಣಾರೆ ಕಂಡರು.

ಶಬ್ದ ಬಂದ ಮೇಲೆ ಅದೇ ಲ್ಯಾಪ್‌ಟಾಪನ್ನು ಶಬ್ದದ ಪಾಠಕ್ಕೂ ಬಳಸಿದೆವು. ಆಡಾಸಿಟಿಯಲ್ಲಿ 512 ಹರ್ಟ್ಸ್‌ನ ಶ್ರುತಿಕವೆಯ ಧ್ವನಿಯನ್ನು ಮುದ್ರಿಸಿ ದೊಡ್ಡದಾಗಿ ನೋಡಿದರೆ ಒಂದೇ ಆಕಾರದ ಅಲೆ ಮತ್ತೆ ಮತ್ತೆ ಬರುತ್ತದೆ. ಸೆಕೆಂಡಿಗೆ 48,000 ಮಾದರಿಗಳಂತೆ ಮುದ್ರಿಸಿದರೆ ಒಂದು ಅಲೆಗೆ ಸುಮಾರು 94 ಚುಕ್ಕೆಗಳು. ಮಕ್ಕಳೇ ಎಣಿಸಿ, ಭಾಗಿಸಿ, ಆವೃತ್ತಿಯನ್ನು ಕಂಡುಹಿಡಿದರು. ಆಮೇಲೆ ಚೆಂಡೆಯ ಒಂದು ಪೆಟ್ಟನ್ನು ಮುದ್ರಿಸಿದೆವು. ಒಮ್ಮೆಲೇ ಏರಿ ಬೇಗ ಇಳಿಯುವ ಗೊಂದಲದ ಗೆರೆ. ಶ್ರುತಿಗೆ ಕೂರಿಸಿದ ಮದ್ದಳೆಯಲ್ಲಿ ಅಲೆಯ ಕ್ರಮ ಇನ್ನಷ್ಟು ಸ್ಪಷ್ಟ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಶಬ್ದದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಕಣ್ಣು ಮಂದ ಇರುವ ಹುಡುಗ ಕೇಳಿಯೇ ಎರಡರ ವ್ಯತ್ಯಾಸವನ್ನು ವಿವರಿಸಿದ, ಗೆರೆ ನೋಡಿದವರು ಹೌದೆಂದರು.

ಇದು ನಮ್ಮ ಕೆಲಸವೇ?

ಇದೆಲ್ಲ ತಂತ್ರಜ್ಞರ ಕೆಲಸ, ನಮಗೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಪಾಠ ಯೋಜನೆ, ಮೌಲ್ಯಮಾಪನ, ಸಭೆಗಳ ನಡುವೆ ಕರ್ನಲ್ ಕಂಪೈಲ್ ಮಾಡಲು ಯಾರಿಗೆ ಹೊತ್ತಿದೆ? ಎಲ್ಲರೂ ಕಂಪೈಲ್ ಮಾಡಲು ಕಲಿಯಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಓದಲು ಕಲಿಯಬೇಕು. ತಂತ್ರಜ್ಞರಿಗೆ ಫೋನ್ ಮಾಡಿ "ಸೌಂಡ್ ಬರುದಿಲ್ಲ" ಎನ್ನುವುದಕ್ಕೂ, "ಸೌಂಡ್‌ಕಾರ್ಡ್ ಕಾಣ್ತಾ ಇಲ್ಲ, ಕರ್ನಲ್ 6.1, ಹೆಡರ್ ಇಲ್ಲ" ಎನ್ನುವುದಕ್ಕೂ ಅಂತರ ಉಂಟು. ಹೊಟ್ಟೆನೋವು ಎಂದಷ್ಟೇ ಹೇಳುವ ರೋಗಿಗೂ, ಎಲ್ಲಿ, ಯಾವಾಗಿನಿಂದ, ಏನು ತಿಂದ ಮೇಲೆ ಎಂದು ಹೇಳುವ ರೋಗಿಗೂ ಇರುವಷ್ಟೇ ಅಂತರ.

ಇನ್ನೊಂದು ಆಕ್ಷೇಪ, ಇದೆಲ್ಲ ಲಿನಕ್ಸಿನ ತಲೆಬಿಸಿ, ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಯಾದರೆ ಇಷ್ಟು ಕಷ್ಟವಿಲ್ಲ ಎಂಬುದು. ಅಲ್ಲಿಯೂ ಡ್ರೈವರ್ ತೊಂದರೆ ಬರುತ್ತದೆ. ಬಂದಾಗ ಒಳಗೆ ನೋಡುವ ದಾರಿ ಇರುವುದಿಲ್ಲ, ಅಷ್ಟೆ. 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಆದ ಸಂಸ್ಥೆ ನಮ್ಮ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶವನ್ನು ಕೊಟ್ಟಿತು. ಹೈಟೆಕ್ ಯೋಜನೆಯಲ್ಲಿ 4,752 ಶಾಲೆಗಳ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ಮೂಲ ಬರಹ ತೆರೆದಿದೆ ಎಂಬುದು ಬರೇ ಹಣ ಉಳಿತಾಯದ ಮಾತಲ್ಲ. ತಪ್ಪಾದ ಸಾಲಿನ ಸಂಖ್ಯೆ ನೋಡಿ ಆ ಸಾಲಿಗೇ ಹೋಗಿ ಓದಲು ಒಂಬತ್ತನೇ ತರಗತಿಯ ಹುಡುಗಿಗೂ ಹಕ್ಕಿದೆ ಎಂದು ಅದರ ಅರ್ಥ. ಆ ಹಕ್ಕನ್ನು ನಾವು ಬಳಸದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಆದರೆ ಒಂದು ಎಚ್ಚರಿಕೆ. ಯೋಜನೆಯಲ್ಲಿ ಬಂದ ಶಾಲೆಯ ಲ್ಯಾಪ್‌ಟಾಪುಗಳ ಕರ್ನಲಿಗೆ ಕೈಹಾಕಬೇಡಿ. ಅವುಗಳಿಗೆ ಕೊಟ್ಟ ವ್ಯವಸ್ಥೆಯನ್ನೇ ಇಟ್ಟುಕೊಳ್ಳಿ, ತೊಂದರೆಯಾದರೆ ಕ್ರಮಪ್ರಕಾರ ದೂರು ಕೊಡಿ. ನಾನು ಹೇಳುವ ಪ್ರಯೋಗಗಳು ದಾನವಾಗಿ ಬಂದವು, ಬದಿಗಿಟ್ಟವು, ಇಂಥವುಗಳಿಗೆ ಮಾತ್ರ. ಅವುಗಳಲ್ಲಿಯೂ ಒಳಗಿನ ಫೈಲುಗಳ ಪ್ರತಿ ತೆಗೆದಿಟ್ಟೇ ಶುರುಮಾಡಿ.

ಕನ್ನಡದಲ್ಲಿ ಯಾಕೆ?

ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರ ದಿನಚರಿ ನೋಡಿ. ತರಬೇತಿಯಲ್ಲಿ ಮಾತು ಮಲಯಾಳ, ಪರದೆ ಇಂಗ್ಲಿಷ್, ತರಗತಿ ಕನ್ನಡ, ಮಕ್ಕಳ ಮನೆಯಲ್ಲಿ ತುಳುವೋ ಮತ್ತೊಂದೋ. ನಾಲ್ಕೂ ಭಾಷೆಗಳನ್ನು ಹೇಗೋ ಸಂಭಾಳಿಸುತ್ತೇವೆ, ಅದು ನಮ್ಮ ಹೆಮ್ಮೆ ಕೂಡ. ಆದರೆ ಸೂಕ್ಷ್ಮ ವಿಷಯ ಬಂದಾಗ, ಹೆಡರ್ ಎಂದರೇನು, ಮಾಡ್ಯೂಲ್ ಯಾಕೆ ಒಳಗೆ ಹೋಗಲಿಲ್ಲ ಎಂಬಂತಹ ಕಡೆ, ಅರ್ಧ ಅರ್ಥವಾದದ್ದನ್ನು ಪೂರ್ತಿ ಅರ್ಥವಾಯಿತೆಂದು ತಲೆಯಾಡಿಸಿ ಬರುತ್ತೇವೆ. ನಾನು ತಲೆಯಾಡಿಸಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ.

ತಪ್ಪಿನ ಸಂದೇಶಗಳನ್ನೇ ಕನ್ನಡಕ್ಕೆ ಅನುವಾದಿಸಬೇಕೆಂದು ನಾನು ವಾದಿಸುವುದಿಲ್ಲ. ಸಂದೇಶ ಮೂಲದಲ್ಲಿ ಹೇಗಿದೆಯೋ ಹಾಗೇ ಇರಲಿ. ಹುಡುಕುವಾಗ, ಬೇರೆಯವರಿಗೆ ಹೇಳುವಾಗ ಆ ಅಕ್ಷರಗಳೇ ಬೇಕು. ಕರ್ನಲ್, ಡ್ರೈವರ್, ಹೆಡರ್ ಎಂಬ ಪದಗಳೂ ಇರಲಿ, ನಮ್ಮ ಮಕ್ಕಳಿಗೆ ಅವು ಬಸ್ಸು, ರೇಷನ್ ಎಂಬ ಪದಗಳಷ್ಟೇ ಸಲೀಸು. ಕನ್ನಡದಲ್ಲಿ ಬೇಕಾದದ್ದು ವಿವರಣೆ: ಇದು ಯಾಕೆ ಬಂತು, ಈಗ ಏನು ನೋಡಬೇಕು, ಏನು ಮಾಡಬಾರದು. ದಾರಂದದ ಉದಾಹರಣೆ ಕೊಟ್ಟ ಮೇಲೆ ನಮ್ಮ ಮಕ್ಕಳಿಗೆ ಹೆಡರ್ ಎಂದರೇನೆಂದು ಎರಡನೇ ಸಲ ಹೇಳಬೇಕಾಗಲಿಲ್ಲ.

ಆದ್ದರಿಂದ ನಮ್ಮ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು, ಶಾಲೆಯ ಪ್ರತಿ ಕಂಪ್ಯೂಟರಿಗೆ ಒಂದು ಹಾಳೆ. ಯಾವ ದಿನ ಏನು ಬದಲಿಸಿದೆವು, ಯಾರು ಬದಲಿಸಿದರು, ಕರ್ನಲ್ ಯಾವುದು ಎಂದು ಕೈಯಲ್ಲೇ ಬರೆದು ಅಂಟಿಸಿ. ನಮ್ಮ ಲ್ಯಾಪ್‌ಟಾಪಿನ ಹಿಂದೆ "ಕರ್ನಲ್ ತಿದ್ದಿದೆ, ಹೆಡರ್ ಹಾಕಿಲ್ಲ" ಎಂಬ ಒಂದು ಚೀಟಿ ಇದ್ದಿದ್ದರೆ ನನ್ನ ಮೊದಲ ಐದು ದಿನ ಉಳಿಯುತ್ತಿತ್ತು. ಎರಡನೆಯದು, ಈ ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ಅರ್ಧ ಪುಟ: ಒಂದು ಶಾಲೆ, ಒಂದು ತೊಂದರೆ, ಬಂದ ಸಂದೇಶ, ಅದರ ಅರ್ಥ, ಪರಿಹಾರ. ಪರಿಹಾರ ಸಿಗದಿದ್ದರೂ ಬರೆಯಿರಿ, ಇನ್ನೊಬ್ಬರಿಗೆ ಗೊತ್ತಿರಬಹುದು. ವರ್ಷದ ಕೊನೆಗೆ ಅದೇ ಒಂದು ಕಿರುಪುಸ್ತಕವಾಗುತ್ತದೆ. ಮೂರನೆಯದು, ಲಿಟ್ಲ್ ಕೈಟ್ಸ್ ಮಕ್ಕಳಿಗೆ ಕೃತಕ ಅಭ್ಯಾಸಗಳ ಜೊತೆಗೆ ನಿಜವಾಗಿ ಕೆಟ್ಟ ಯಂತ್ರವನ್ನೂ ಕೊಡಿ, ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.

ಮೊದಲ ಅರ್ಧ ಪುಟ ನಾನೇ ಬರೆದುಕೊಡುತ್ತೇನೆ. ವಿಷಯ: 'ಎರರ್ 2' ಎಂಬ ಸಾಲನ್ನು ಹಿಡಿದುಕೊಂಡು ಯಾಕೆ ಹುಡುಕಬಾರದು. ಎರಡನೆಯದನ್ನು ನಿಮ್ಮಲ್ಲಿ ಯಾರು ಬರೆಯುತ್ತೀರಿ?